ಹೀಟ್‌ಮೈಸರ್ ಬರೀ ಮುನ್ನುಡಿಯಲ್ಲ

ಎಲಿಯಟ್ ಸ್ಮಿತ್‌ನನ್ನು ಹೆಚ್ಚಿನವರು ಪರಿಚಯ ಮಾಡಿಕೊಳ್ಳುವುದು ಕೊನೆಯಿಂದ ಹಿಂದಕ್ಕೆ. ಮೊದಲು 1997ರ 'ಗುಡ್ ವಿಲ್ ಹಂಟಿಂಗ್' ಸಿನಿಮಾ, ಅದರ 'ಮಿಸ್ ಮಿಸರಿ' ಹಾಡು, ಮರುವರ್ಷ ಆಸ್ಕರ್ ವೇದಿಕೆಯಲ್ಲಿ ಬಿಳಿ ಸೂಟು ತೊಟ್ಟು ಗಿಟಾರ್ ಹಿಡಿದು ನಿಂತ ಮುಜುಗರದ ಮನುಷ್ಯ. ಆಮೇಲೆ 'ಐದರ್/ಆರ್' ಆಲ್ಬಮ್. ಅಷ್ಟರಲ್ಲಿ ಆತ 2003ರಲ್ಲಿ, 34ನೇ ವಯಸ್ಸಿನಲ್ಲಿ ತೀರಿಕೊಂಡ ವಿಷಯವೂ ಗೊತ್ತಾಗಿರುತ್ತದೆ. ಮುಂದೆ ಕೇಳುವ ಪ್ರತಿ ಹಾಡಿನ ಮೇಲೂ ಆ ಸಾವಿನ ನೆರಳು ಬೀಳುತ್ತದೆ.

ಹೀಗೆ ಆತನನ್ನು ಹಚ್ಚಿಕೊಂಡ ಕೇಳುಗ ಒಂದು ದಿನ ಹೀಟ್‌ಮೈಸರ್ ಎಂಬ ಬ್ಯಾಂಡಿಗೆ ಎಡತಾಕುತ್ತಾನೆ. 1993ರ 'ಡೆಡ್ ಏರ್' ಹಾಕಿದರೆ ಎರಡು ಎಲೆಕ್ಟ್ರಿಕ್ ಗಿಟಾರುಗಳ ಗದ್ದಲ, ಡ್ರಮ್ಮಿನ ಹೊಡೆತ, ಅದರ ಮೇಲೆ ಗಂಟಲು ಹರಿಯುವಂತೆ ಹಾಡುತ್ತಿರುವ ಒಬ್ಬ. ಕಿವಿಯಲ್ಲಿ ಪಿಸುಗುಟ್ಟುತ್ತಿದ್ದವನು ಇವನೇನಾ ಎಂಬ ಆಶ್ಚರ್ಯ. ಆಶ್ಚರ್ಯ ಬಹಳ ಹೊತ್ತು ಉಳಿಯುವುದಿಲ್ಲ. ಹುಡುಗಾಟಿಕೆಯ ಕಾಲ, ಆಮೇಲೆ ತನ್ನ ನಿಜವಾದ ದನಿ ಕಂಡುಕೊಂಡ ಎಂಬ ತೀರ್ಪು ಸಿದ್ಧವಾಗಿರುತ್ತದೆ. ಅಭಿಮಾನಿಗಳಿಗೆ ಬಲು ಪ್ರಿಯವಾದ ಈ ತೀರ್ಪು ತಪ್ಪು.

ಮೊದಲಿಗೆ ಇಸವಿಗಳನ್ನೇ ನೋಡೋಣ. ಪೋರ್ಟ್‌ಲ್ಯಾಂಡಿನ ಈ ಬ್ಯಾಂಡ್ 'ಡೆಡ್ ಏರ್' ತಂದದ್ದು 1993ರಲ್ಲಿ, 'ಕಾಪ್ ಆ್ಯಂಡ್ ಸ್ಪೀಡರ್' ತಂದದ್ದು 1994ರಲ್ಲಿ, 'ಮಿಕ್ ಸಿಟಿ ಸನ್ಸ್' ಬಂದದ್ದು 1996ರಲ್ಲಿ. ಸ್ಮಿತ್ ಒಬ್ಬನ ಹೆಸರಿನ ಮೊದಲ ಆಲ್ಬಮ್ 'ರೋಮನ್ ಕ್ಯಾಂಡಲ್' 1994ರದು, ಎರಡನೆಯದು 1995ರದು. ಎಂದರೆ ಬ್ಯಾಂಡಿನ ಕೊನೆಯ ಆಲ್ಬಮ್ಮಿಗೆ ಮೊದಲೇ ಆತನ ಎರಡು ಒಂಟಿ ಆಲ್ಬಮ್ಮುಗಳು ಬಂದಾಗಿದ್ದವು. ಒಬ್ಬನೇ ಮನುಷ್ಯ ಒಂದೇ ಊರಿನಲ್ಲಿ ಏಕಕಾಲಕ್ಕೆ ಎರಡು ಕೆಲಸ ಮಾಡುತ್ತಿದ್ದ. ಅದರಲ್ಲಿ ಒಂದನ್ನು ಮೆಟ್ಟಿಲು, ಇನ್ನೊಂದನ್ನು ಮಹಡಿ ಎಂದು ಕರೆಯುವವರು ಕ್ಯಾಲೆಂಡರ್ ನೋಡಿಲ್ಲ.

ಎರಡನೆಯದು, ದನಿಯ ಮಾತು. ಪಿಸುಮಾತು ಪ್ರಾಮಾಣಿಕ, ಕೂಗು ನಾಟಕ ಎಂದು ನಂಬುವವರು ಬಹಳ. ಆದರೆ ದನಿ ಎಷ್ಟು ದೊಡ್ಡದಾಗಬೇಕು ಎಂಬುದನ್ನು ಕೋಣೆಯೂ ತೀರ್ಮಾನಿಸುತ್ತದೆ. ಎರಡು ಆ್ಯಂಪ್ಲಿಫೈಯರು, ಒಂದು ಡ್ರಮ್ ಸೆಟ್ಟು ಇರುವ ಇಕ್ಕಟ್ಟಾದ ಕ್ಲಬ್ಬಿನಲ್ಲಿ ಪಿಸುಗುಟ್ಟಿದರೆ ಹಾಡುಗಾರನಿಗೇ ತನ್ನ ಹಾಡು ಕೇಳುವುದಿಲ್ಲ. 'ರೋಮನ್ ಕ್ಯಾಂಡಲ್' ರೆಕಾರ್ಡ್ ಆದದ್ದು ಮನೆಯೊಂದರ ನೆಲಮಾಳಿಗೆಯಲ್ಲಿ, ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ. ಅಲ್ಲಿ ಮೈಕಿಗೆ ತುಟಿ ತಾಗಿಸುವಷ್ಟು ಹತ್ತಿರ ಹಾಡಬಹುದು. ಆ ಆಪ್ತತೆಯೂ ಕಸುಬಿನಿಂದ ಬಂದದ್ದೇ. ಸ್ಮಿತ್ ಒಂದೇ ಸಾಲನ್ನು ಎರಡು ಸಲ ಹಾಡಿ, ಒಂದರ ಮೇಲೊಂದು ಕೂರಿಸುತ್ತಿದ್ದ. ಜನ 'ಒಂಟಿತನದ ದನಿ' ಎಂದು ಕರೆಯುವುದು ಎರಡು ಸಲ ಹಾಡಿ ಜೋಡಿಸಿದ ದನಿ. ಯಾವ ಒಂಟಿ ಮನುಷ್ಯನೂ ಕೋಣೆಯಲ್ಲಿ ಕೂತು ಹಾಗೆ ಹಾಡಲಾರ. ಕೂಗು ನಾಟಕವಾದರೆ ಪಿಸುಮಾತೂ ನಾಟಕವೇ. ಪಿಸುಮಾತು ನಿಜವಾದರೆ ಕೂಗೂ ನಿಜವೇ.

ಮೂರನೆಯದೇ ಮುಖ್ಯ, ಏಕೆಂದರೆ ಇಲ್ಲಿ ಅನ್ಯಾಯಕ್ಕೆ ಒಳಗಾದ ಒಬ್ಬರಿದ್ದಾರೆ. ಹೀಟ್‌ಮೈಸರ್ ಸ್ಮಿತ್‌ನ ಬ್ಯಾಂಡ್ ಆಗಿರಲಿಲ್ಲ. ಅದು ಸ್ಮಿತ್ ಮತ್ತು ನೀಲ್ ಗಸ್ಟ್ ಎಂಬ ಇಬ್ಬರು ಹಾಡು ಬರೆಯುವವರ ಬ್ಯಾಂಡ್. ಮ್ಯಾಸಚೂಸೆಟ್ಸ್‌ನ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ ಇಬ್ಬರಿಗೂ ಸ್ನೇಹವಾಯಿತು. ಡ್ರಮ್ ನುಡಿಸಿದ ಟೋನಿ ಲ್ಯಾಶ್ ಸ್ಮಿತ್‌ನ ಹೈಸ್ಕೂಲ್ ಕಾಲದ ಗೆಳೆಯ. ಬೇಸ್‌ನಲ್ಲಿ ಮೊದಲು ಬ್ರ್ಯಾಂಟ್ ಪೀಟರ್‌ಸನ್, ಆಮೇಲೆ ಸ್ಯಾಮ್ ಕೂಮ್ಸ್. ಗಸ್ಟ್ ತಾನು ಸಲಿಂಗಿ ಎಂಬುದನ್ನು ಮುಚ್ಚಿಡದೆ, ತೊಂಬತ್ತರ ದಶಕದ ಗಂಡಸರೇ ತುಂಬಿದ್ದ ರಾಕ್ ವೇದಿಕೆಯಲ್ಲಿ ನಿಂತು ಹಾಡಿದ. ಈಗ ಕೇಳುವವರಲ್ಲಿ ಅನೇಕರು 'ಮಿಕ್ ಸಿಟಿ ಸನ್ಸ್' ತೆರೆದು ಗಸ್ಟ್‌ನ ಹಾಡು ಬಂದ ಕೂಡಲೇ ಮುಂದಕ್ಕೆ ಹಾರಿಸುತ್ತಾರೆ. ಮದುವೆ ಫೋಟೋದಲ್ಲಿ ಪಕ್ಕದವರನ್ನು ಕತ್ತರಿಸಿ ಒಬ್ಬರನ್ನೇ ಚೌಕಟ್ಟಿಗೆ ಹಾಕಿದ ಹಾಗೆ.

ಕತ್ತರಿಸಲು ಹೊರಟವರಿಗೆ 'ರೋಮನ್ ಕ್ಯಾಂಡಲ್'ನ ಮುಖಪುಟವೇ ಅಡ್ಡ ಬರುತ್ತದೆ. ಅದರ ಮೇಲಿರುವುದು ಸ್ಮಿತ್‌ನ ಚಿತ್ರವಲ್ಲ, ಗಸ್ಟ್‌ನದು, ಜೊತೆಗೆ ಒಬ್ಬ ಗೆಳತಿಯದು. ಫೋಟೋ ತೆಗೆದವರು ಬ್ಯಾಂಡಿನ ಮ್ಯಾನೇಜರ್ ಜೆಜೆ ಗಾನ್ಸನ್. ಆ ನೆಲಮಾಳಿಗೆಯೂ ಅವರ ಮನೆಯದೇ. 'ಮಿಕ್ ಸಿಟಿ ಸನ್ಸ್' ಮಾಡುವಾಗ ದೊಡ್ಡ ಕಂಪನಿ ಕೊಟ್ಟ ಮುಂಗಡದಲ್ಲಿ ಬ್ಯಾಂಡಿನವರು ಉಪಕರಣ ಕೊಂಡು ಬಾಡಿಗೆ ಮನೆಯೊಂದನ್ನೇ ಸ್ಟುಡಿಯೊ ಮಾಡಿಕೊಂಡರು. ಒಂಟಿ ಹಾಡುಗಾರಿಕೆಯ ಶಿಖರ ಎನಿಸಿಕೊಂಡ 'ಐದರ್/ಆರ್'ನ ರೆಕಾರ್ಡಿಂಗ್ ಜಾಗಗಳ ಪಟ್ಟಿಯಲ್ಲಿ 'ಹೀಟ್‌ಮೈಸರ್ ಹೌಸ್' ಎಂಬ ಹೆಸರೂ ಇದೆ. ಆ ಬ್ಯಾಂಡ್ ಆಲ್ಬಮ್ಮಿನಲ್ಲಿ ಜೊತೆಯಾದ ರಾಬ್ ಷ್ನಾಫ್ ಮತ್ತು ಟಾಮ್ ರಾತ್‌ರಾಕ್ ಮುಂದೆ 'ಎಕ್ಸ್ಒ', 'ಫಿಗರ್ 8' ಆಲ್ಬಮ್ಮುಗಳಿಗೂ ಜೊತೆಯಾದರು. ಒಂಟಿ ಕಲಾವಿದನ ಒಂಟಿತನಕ್ಕೆ ಇಷ್ಟು ಜನ ಬೇಕಾಯಿತು.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಬ್ಯಾಂಡಿನ ಕಾಲದ ತನ್ನ ಹಾಡುಗಾರಿಕೆ ಸ್ವತಃ ಸ್ಮಿತ್‌ಗೇ ಹಿಡಿಸಿರಲಿಲ್ಲ. ಸಂದರ್ಶನಗಳಲ್ಲಿ ಅದರ ಬಗ್ಗೆ ಅಸಮಾಧಾನ ತೋಡಿಕೊಂಡಿದ್ದಾನೆ. ಅದು ನಿಜ. 'ಡೆಡ್ ಏರ್'ನಲ್ಲಿ ಹಾಡುಗಳು ಒಂದರಂತೆ ಇನ್ನೊಂದು ಕೇಳಿಸುತ್ತವೆ ಎಂಬುದೂ ನಿಜ. ಆದರೆ ಕೂಡು ಕುಟುಂಬ ಒಡೆದು ಹೊರಬಂದವನ ಮಾತನ್ನೇ ಆ ಮನೆಯ ಚರಿತ್ರೆ ಎಂದು ಯಾರೂ ಬರೆದುಕೊಳ್ಳುವುದಿಲ್ಲ. 'ಮಿಕ್ ಸಿಟಿ ಸನ್ಸ್' ಅಂಗಡಿಗೆ ಬರುವ ಮೊದಲೇ ಬ್ಯಾಂಡ್ ಮುರಿದಿತ್ತು. ಆತನ ಬೇಸರದಲ್ಲಿ ಆ ಮುರಿತವೂ ಸೇರಿದೆ. ಆ ಆಲ್ಬಮ್ಮಿನ 'ಪ್ಲೇನ್‌ಕ್ಲೋತ್ಸ್ ಮ್ಯಾನ್' ಕೇಳಿದವರಿಗೆ ಗೊತ್ತು: ಮುಂದಿನ ಸ್ಮಿತ್ ಅಲ್ಲಿ ಪೂರ್ತಿಯಾಗಿ ಇದ್ದಾನೆ, ನಾಲ್ವರ ನಡುವೆ ಇದ್ದಾನೆ.

ಒಂಟಿತನದ ಕಥೆ ಬಿಟ್ಟುಕೊಡಲು ಅಭಿಮಾನಿಗಳಿಗೆ ಕಷ್ಟ. ಪರ ಊರಿನ ಬಾಡಿಗೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತವರಿಗೆ, ತಮ್ಮಂತೆಯೇ ಒಬ್ಬಂಟಿಯಾದವನೊಬ್ಬ ಬೇಕು. ಅದು ತಪ್ಪಲ್ಲ. ಆದರೆ ಆ ಬೇಡಿಕೆ ಪೂರೈಸಲು ನೋವೇ ಪ್ರತಿಭೆ, ಒಂಟಿತನವೇ ಸತ್ಯ, ಸಾವೇ ಹಾಡಿನ ಅರ್ಥ ಎಂಬ ಸಿದ್ಧಾಂತವನ್ನು ಕಟ್ಟಿದಾಗ, ಆತ ಹಾಡು ಕಟ್ಟಲು ಪಟ್ಟ ಶ್ರಮ ಮರೆಯಾಗುತ್ತದೆ, ಜೊತೆಗೆ ದುಡಿದವರ ಹೆಸರೂ ಅಳಿಯುತ್ತದೆ.

ಕೇಳಲು ಸಿಗುವುದಿಲ್ಲ ಎಂಬ ನೆಪವೂ ಈಗ ಇಲ್ಲ. ಬ್ಯಾಂಡಿನ ತೀರಾ ಆರಂಭದ ಧ್ವನಿಮುದ್ರಣಗಳು 2023ರಲ್ಲಿ ಥರ್ಡ್ ಮ್ಯಾನ್ ರೆಕಾರ್ಡ್ಸ್ ಮೂಲಕ ಹೊರಬಂದಿವೆ. 'ಸೀ ಯು ಲೇಟರ್' ಹಾಡು ಎರಡು ರೂಪದಲ್ಲಿ ಸಿಗುತ್ತದೆ: 'ಮಿಕ್ ಸಿಟಿ ಸನ್ಸ್'ನಲ್ಲಿ ಬ್ಯಾಂಡಿನೊಡನೆ, 2007ರ 'ನ್ಯೂ ಮೂನ್' ಸಂಗ್ರಹದಲ್ಲಿ ಬ್ಯಾಂಡಿಲ್ಲದೆ. ಎರಡನ್ನೂ ಒಂದಾದ ಮೇಲೊಂದು ಕೇಳಬೇಕು. ಆಮೇಲೆ 'ಮಿಕ್ ಸಿಟಿ ಸನ್ಸ್' ಮೊದಲಿನಿಂದ ಕೊನೆಯವರೆಗೆ, ಗಸ್ಟ್‌ನ ಹಾಡುಗಳನ್ನು ಹಾರಿಸದೆ.