ಇಂಗ್ಲಿಷ್ ವ್ಯಾಕರಣಕ್ಕೂ ಕನ್ನಡದ ದಾರಿ

ಕನ್ನಡ ಮಾಧ್ಯಮದಲ್ಲಿ ಓದಿದರೆ ಇಂಗ್ಲಿಷ್ ಬಾರದು, ಹತ್ತನೆಯ ತರಗತಿ ಮುಗಿಸಿ ಪ್ಲಸ್ ಟುವಿಗೆ ಹೋದ ಮಗು ಅಲ್ಲಿನ ಇಂಗ್ಲಿಷ್ ಪಾಠಗಳೆದುರು ಕಂಗೆಡುತ್ತದೆ ಎಂಬ ಅಂಜಿಕೆಯಿಂದ ಕಾಸರಗೋಡಿನ ಎಷ್ಟೋ ಹೆತ್ತವರು ಮಕ್ಕಳನ್ನು ನಮ್ಮ ಶಾಲೆಗಳಿಂದ ಬಿಡಿಸುತ್ತಿದ್ದಾರೆ. ಅಂಜಿಕೆ ನಿರಾಧಾರವೆಂದು ನಾವು ಹೇಳುವುದಿಲ್ಲ. ಆದರೆ ದೋಷವನ್ನು ಕನ್ನಡದ ತಲೆಗೆ ಕಟ್ಟುವುದು ಅನ್ಯಾಯ. ಮಗುವಿಗೆ ತಿಳಿದ ಭಾಷೆಯಲ್ಲಿ ಇಂಗ್ಲಿಷ್ ವ್ಯಾಕರಣವನ್ನು ವಿವರಿಸುವವರೇ ಇಲ್ಲದಿದ್ದರೆ ಮಗು ಕಲಿಯುವುದಾದರೂ ಹೇಗೆ?

ಉತ್ತರಪತ್ರಿಕೆ ತಿದ್ದುವ ನಮಗೆ ಪ್ರತಿವರ್ಷ ಎದುರಾಗುವುದು ಅವೇ ಕೆಲವು ತಪ್ಪುಗಳು. 'ಐ ಆಮ್ ಸ್ಟಡಿಯಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್' ಎಂದು ಬರೆಯುತ್ತಾರೆ. ತಪ್ಪಿಗೆ ಕಾರಣವಿದೆ. 'ಸೋಮವಾರದಿಂದ', 'ಎರಡು ವರ್ಷದಿಂದ' ಎಂದು ಕನ್ನಡಕ್ಕೆ ಎರಡು ಕಡೆಯೂ 'ಇಂದ' ಒಂದೇ ಸಾಕು. ಇಂಗ್ಲಿಷಿನಲ್ಲಿ ಆರಂಭದ ದಿನ ಹೇಳಿದರೆ 'ಸಿನ್ಸ್', ಕಳೆದ ಅವಧಿಯ ಲೆಕ್ಕ ಹೇಳಿದರೆ 'ಫಾರ್'. ಕ್ರಿಯಾಪದವೂ 'ಹ್ಯಾವ್ ಬೀನ್ ಸ್ಟಡಿಯಿಂಗ್' ಆಗಬೇಕು. ಹಾಗೆಯೇ 'ನಿನ್ನೆಯೇ ಬಂದಿದ್ದೇನೆ' ಕನ್ನಡಕ್ಕೆ ಒಗ್ಗುತ್ತದೆ, 'ಐ ಹ್ಯಾವ್ ಕಮ್ ಯೆಸ್ಟರ್‌ಡೇ' ಇಂಗ್ಲಿಷಿಗೆ ಒಗ್ಗದು. ಮುಗಿದುಹೋದ ಕಾಲವನ್ನು ಹೆಸರಿಸಿದ ಮೇಲೆ ಅಲ್ಲಿ 'ಕೇಮ್' ಎಂದೇ ಬರಬೇಕು. ಎರಡು ಭಾಷೆಗಳನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದರೆ ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ.

'ಹಿ ಗೋಸ್' ಎಂಬಲ್ಲಿ ಕೊನೆಗೆ ಸೇರುವ ಅಕ್ಷರದ ಕಥೆ ಇನ್ನೂ ಸ್ವಾರಸ್ಯದ್ದು. ಹೋಗುತ್ತೇನೆ, ಹೋಗುತ್ತಾನೆ, ಹೋಗುತ್ತಾಳೆ ಎಂದು ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗುವುದು ಕನ್ನಡದ ಮಗುವಿಗೆ ಹೊಸತಲ್ಲ. ಮನೆಯಲ್ಲಿ ತುಳು ಆಡುವ ಮಗುವಿಗೂ ಹೊಸತಲ್ಲ. ಮಲಯಾಳದಲ್ಲಾದರೋ ನಾನು, ಅವನು, ಅವಳು ಎಲ್ಲರಿಗೂ 'ಪೋಕುನ್ನು' ಒಂದೇ. ಮಲಯಾಳದ ಮೂಲಕ ಕಲಿಸುವ ಅಧ್ಯಾಪಕರು ಇದನ್ನು ಬರಿಯ ನಿಯಮವೆಂದು ಬಾಯಿಪಾಠ ಮಾಡಿಸಬೇಕಾಗುತ್ತದೆ. ಮಲಯಾಳದ ಬಗ್ಗೆ ನಮಗೆ ಅಸಡ್ಡೆಯಿಲ್ಲ, ಪೇಟೆಯಲ್ಲೂ ಕಚೇರಿಯಲ್ಲೂ ಅದನ್ನೇ ಆಡುವವರು ನಾವು. ಆದರೆ ನಮ್ಮ ಮಗುವಿನ ಕೈಯಲ್ಲೇ ಇರುವ ಸುಲಭದ ಉಪಾಯವನ್ನು ಕಸಿಯುವುದು ಏಕೆ?

ಗಣಿತ, ವಿಜ್ಞಾನಗಳಿಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು ಒತ್ತಾಯಿಸುವ ನಾವು, ಇಂಗ್ಲಿಷ್ ತಾನೇ, ಯಾರು ಕಲಿಸಿದರೇನು ಎಂದು ಸುಮ್ಮನಿರಬಾರದು. ಕನ್ನಡ ಮಾಧ್ಯಮದಲ್ಲಿ ಇಂಗ್ಲಿಷ್ ಕಲಿಸುವವರಿಗೂ ಕನ್ನಡ ತಿಳಿದಿರಲೇಬೇಕು. ಹೆತ್ತವರು ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಗೆ ಮಗುವಿನ ಇಂಗ್ಲಿಷ್ ನೋಟ್ ಪುಸ್ತಕ ಹಿಡಿದುಕೊಂಡು ಬರಲಿ. 'ಸಿನ್ಸ್', 'ಫಾರ್' ಭೇದವನ್ನು ಯಾವ ಭಾಷೆಯಲ್ಲಿ ಹೇಳಿಕೊಟ್ಟರೆಂದು ಕೇಳಲಿ. ವರ್ಗಾವಣೆ ಪತ್ರಕ್ಕೆ ಅರ್ಜಿ ಹಾಕುವುದು ಆಮೇಲೆ ಇದ್ದೇ ಇದೆ.