ಹಗುರವಾದ ಚೀಲವೂ ಸ್ವತಂತ್ರವಾದ ಪ್ರಯಾಣವೂ

ಪ್ರಯಾಣಕ್ಕೆ ಹೊರಡುವಾಗ ಎಷ್ಟು ಸಾಮಾನನ್ನು ಕಟ್ಟಿಕೊಳ್ಳಬೇಕೆಂಬುದು ಅಲ್ಪವಿಷಯವೆಂದು ಅನೇಕರು ಎಣಿಸುವರು. ಬಾಲಿಕೆಯರ ಶಾಲೆಯನ್ನು ನಡೆಯಿಸುವ ನಮಗೆ ಅದು ಹಾಗೆ ತೋರುವುದಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಯಿಂದ ಚಿತ್ರದುರ್ಗಕ್ಕೆ ಓದಲು ಬರುವ ಹುಡುಗಿಯರೂ, ಇಲ್ಲಿಂದ ಮುಂದೆ ದಾವಣಗೆರೆ, ಬೆಂಗಳೂರುಗಳ ಕಾಲೇಜುಗಳಿಗೆ ಹೋಗುವವರೂ ಹೊರಟು ನಿಂತಾಗ, ಮನೆಯಲ್ಲಿ ಏಳುವ ಮೊದಲನೆಯ ಪ್ರಶ್ನೆಯು “ಸಾಮಾನು ಹೊರುವವರಾರು?” ಎಂಬುದೇ ಆಗಿರುತ್ತದೆ. ಅಣ್ಣನಿಗೆ ಬಿಡುವಿಲ್ಲದಿದ್ದರೆ, ಸೋದರಮಾವನಿಗೆ ಸುಗ್ಗಿಯ ಕೆಲಸವಿದ್ದರೆ, ಆಟದ ಪಂದ್ಯವೂ ಪ್ರವೇಶ ಪರೀಕ್ಷೆಯೂ ತಪ್ಪಿಹೋಗುವುದುಂಟು. ಹುಡುಗಿಯ ಬುದ್ಧಿಯೂ ಶ್ರಮವೂ ಎಷ್ಟಿದ್ದರೇನು? ಅವಳು ಹೋಗತಕ್ಕದ್ದೋ ಬಿಡತಕ್ಕದ್ದೋ ಎಂಬುದನ್ನು ಅವಳ ಪೆಟ್ಟಿಗೆಯೇ ತೀರ್ಮಾನಿಸಿದಂತಾಯಿತು.

2023ನೆಯ ಇಸವಿಯ ಜೂನ್ 11ರಂದು ಶಕ್ತಿ ಯೋಜನೆಯು ಆರಂಭವಾಗಿ, ನಮ್ಮ ರಾಜ್ಯದ ಸ್ತ್ರೀಯರಿಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತ ಪ್ರಯಾಣವು ದೊರೆಯಿತು. ಹೀಗೆ ಹಣದ ಅಡ್ಡಿಯು ಬಹುಮಟ್ಟಿಗೆ ತಗ್ಗಿತು. ಭಾರದ ಅಡ್ಡಿಯನ್ನು ತಗ್ಗಿಸುವ ಕೆಲಸವು ಯಾವ ಸರ್ಕಾರದ್ದೂ ಅಲ್ಲ; ಅದು ನಮ್ಮದು.

ಎಷ್ಟು ಭಾರವು ಯುಕ್ತವೆಂದು ಕೇಳುವವರಿಗೆ ಒಂದು ಅಳತೆಯನ್ನು ಸೂಚಿಸುವೆವು. ರೈಲಿನ ಎರಡನೆಯ ದರ್ಜೆಯಲ್ಲಿ ಒಬ್ಬರು 35 ಕಿಲೋ ಸಾಮಾನನ್ನು ಪ್ರತ್ಯೇಕ ಸುಂಕವಿಲ್ಲದೆ ಕೊಂಡೊಯ್ಯಬಹುದು. ಆದರೆ ನಿಯಮವು ಒಪ್ಪಿದುದನ್ನೆಲ್ಲ ತೋಳು ಒಪ್ಪೀತೆ? ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಇಳಿದು ಬೇರೆ ಗಾಡಿಯನ್ನು ಹಿಡಿಯಬೇಕಾದವಳಿಗೆ ಇದರ ಉತ್ತರವು ಚೆನ್ನಾಗಿ ತಿಳಿದಿರುವುದು. 9 ಮತ್ತು 10ನೆಯ ತರಗತಿಗಳ ಮಕ್ಕಳ ಪುಸ್ತಕದ ಚೀಲವು 4ರಿಂದ 5 ಕಿಲೋಗೆ ಮೀರಬಾರದೆಂದು ನಮ್ಮ ರಾಜ್ಯದ ಶಿಕ್ಷಣ ಇಲಾಖೆಯು 2019ರಲ್ಲಿ ಆಜ್ಞೆ ಮಾಡಿತು. ವಿದ್ಯೆಗಾಗಿ ಹೊರುವ ಹೊರೆಗೇ ಇಷ್ಟು ಮಿತಿಯಿರುವಾಗ, ನಾಲ್ಕು ದಿನದ ಪ್ರಯಾಣದ ಹೊರೆಯು ಅದಕ್ಕಿಂತ ಹೆಚ್ಚಾಗಿರಬೇಕೇಕೆ? ಚೀಲವನ್ನು ತುಂಬಿದ ಮೇಲೆ ಹುಡುಗಿಯು ಅದನ್ನು ತಾನೇ ಎತ್ತಿಕೊಂಡು ಬೀದಿಯ ತುದಿಯವರೆಗೆ ನಡೆದು ಹಿಂದಿರುಗಲಿ. ಉಸಿರು ಕಟ್ಟಿದರೆ ಚೀಲವನ್ನು ಮತ್ತೆ ಬಿಚ್ಚತಕ್ಕದ್ದು.

ಈ ವಿದ್ಯೆಯನ್ನು ಪರದೇಶದವರಿಂದ ಕಲಿಯಬೇಕಾಗಿಲ್ಲ. ನಮ್ಮ ಜಿಲ್ಲೆಯ ಕುರಿಗಾಹಿಗಳನ್ನು ನೋಡಿರಿ. ಮಂದೆಯ ಹಿಂದೆ ಊರೂರು ತಿರುಗುವವನ ಹೆಗಲ ಮೇಲಿನ ಒಂದು ಕರಿಯ ಕಂಬಳಿಯೇ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಇರುಳಿಗೆ ಹಾಸಿಗೆ. ಒಂದು ವಸ್ತುವಿನಿಂದ ಮೂರು ಕೆಲಸಗಳನ್ನು ಮಾಡಿಸುವುದೇ ಹಗುರವಾಗಿ ಹೋಗುವ ಗುಟ್ಟು. ನಮ್ಮ ಹುಡುಗಿಯರೂ ಒಂದು ಶಾಲನ್ನು ಹೊದೆಯಲೂ ತಲೆಗಿಂಬಾಗಿ ಮಡಿಸಿಕೊಳ್ಳಲೂ ಉಪಯೋಗಿಸಬಹುದು. ಮೈಮೇಲೆ ಒಂದು ಜೊತೆ ಉಡುಪು, ಚೀಲದಲ್ಲಿ ಇನ್ನೊಂದು ಜೊತೆ ಇದ್ದರೆ ಸಾಕು. ಇರುಳಿನಲ್ಲಿ ಒಗೆದು ಹರವಿದುದು ಬೆಳಗಿಗೆ ಒಣಗುವುದು. ಜೋಗಿಮಟ್ಟಿಯ ಕಡೆಯ ಬೆಟ್ಟಗಳ ಮೇಲೆ ಅಷ್ಟು ದೊಡ್ಡ ಗಾಳಿಯಂತ್ರಗಳನ್ನು ತಿರುಗಿಸುವ ನಮ್ಮ ಸೀಮೆಯ ಗಾಳಿಯು ಒಂದು ಲಂಗವನ್ನು ಒಣಗಿಸಲಾರದೆ?

ಹಗುರವೆಂದರೆ ಅವಶ್ಯವಾದುದನ್ನು ಬಿಡುವುದೆಂದು ಯಾರೂ ತಿಳಿಯಬಾರದು. ಗುರುತಿನ ಚೀಟಿ, ಕುಡಿಯುವ ನೀರು, ಸೇವಿಸುತ್ತಿರುವ ಔಷಧ, ಸ್ವಲ್ಪ ಹಣ, ತಿಂಗಳ ದಿನಗಳಿಗೆ ಬೇಕಾದ ಬಟ್ಟೆ ಇಲ್ಲವೆ ಪ್ಯಾಡು, ಇವುಗಳಿಗೆ ಮೊದಲು ಸ್ಥಳವಿರಲಿ. ಸಂಕೋಚದಿಂದ ಈ ಕೊನೆಯದನ್ನು ಹೇಳದೆ ಬಿಟ್ಟು, ಅದರ ಬದಲಿಗೆ ಮೂರನೆಯ ರೇಷ್ಮೆ ಲಂಗವನ್ನು ತುರುಕುವುದು ಜಾಣತನವಲ್ಲ.

ತಾಯಂದಿರು ಇಲ್ಲಿ ಒಂದು ಆಕ್ಷೇಪವನ್ನು ಎತ್ತುವರು: “ಮಗಳನ್ನು ಬರಿಗೈಯಲ್ಲಿ ಹೇಗೆ ಕಳುಹಿಸೋಣ?” ಆ ಮಾತಿನಲ್ಲಿರುವ ಪ್ರೀತಿಯನ್ನು ನಾವು ಬಲ್ಲೆವು. ಚಕ್ಕುಲಿಯ ಡಬ್ಬಿಯೂ ಶೇಂಗಾ ಚಟ್ನಿಯ ಪುಡಿಯೂ ಮನೆಯ ನೆನಪನ್ನು ಹೊತ್ತು ತರುತ್ತವೆಂಬುದು ನಿಜ. ಆದರೆ ಡಬ್ಬಿಯು ಚಿಕ್ಕದಾದರೆ ಪ್ರೀತಿಯು ಚಿಕ್ಕದಾಗುವುದಿಲ್ಲ. ದಾರಿಯಲ್ಲಿ ತಿಂದು ಮುಗಿಯುವ ಬುತ್ತಿಯನ್ನು ಅವಶ್ಯವಾಗಿ ಕೊಡಿರಿ. ತಿಂಗಳಿಗಾಗುವಷ್ಟನ್ನು ಒಂದೇ ಸಲ ಹೊರಿಸಬೇಡಿರಿ. ಅದೂ ಅಲ್ಲದೆ, ವಸತಿಗೃಹದಲ್ಲಿ ಒಬ್ಬಳು ಮೂರು ಪೆಟ್ಟಿಗೆಗಳನ್ನು ಇಳಿಸುವಾಗ, ಒಂದು ಕೈಚೀಲವನ್ನು ತಂದ ಪಕ್ಕದವಳ ಮನಸ್ಸು ಕುಗ್ಗುವುದು. ಎಲ್ಲರೂ ಚಿಕ್ಕ ಚೀಲವನ್ನೇ ತಂದರೆ ಯಾರ ಬಡತನವೂ ಬಾಗಿಲಿನಲ್ಲಿ ಎದ್ದು ಕಾಣದು.

“ಹೊರೆಗಾಗಿಯಲ್ಲ, ಭಯಕ್ಕಾಗಿ ಜೊತೆಗೆ ಹೋಗುತ್ತೇವೆ” ಎಂದು ಕೆಲವು ತಂದೆಗಳು ಹೇಳುವರು. ಭಯವು ಬೇರೆ, ಭಾರವು ಬೇರೆ. ರಾತ್ರಿಯ ದೂರ ಪ್ರಯಾಣಕ್ಕೆ ಹಿರಿಯರು ಜೊತೆಗಿರುವುದನ್ನು ನಾವು ಬೇಡವೆನ್ನುವುದಿಲ್ಲ. ಆದರೆ ಹಾಡುಹಗಲಿನಲ್ಲಿ ಹಿರಿಯೂರಿನಿಂದ ಇಲ್ಲಿಗಿರುವ ಸುಮಾರು 40 ಕಿಲೋಮೀಟರಿಗೂ, ಪೆಟ್ಟಿಗೆಯ ನೆಪದಿಂದ ಒಬ್ಬ ಗಂಡಸು ದಿನದ ಕೂಲಿಯನ್ನು ಕಳೆದುಕೊಂಡು ಬರಬೇಕೆ? ಎರಡು ಕೈಗಳೂ ಬಿಡುವಾಗಿರುವವಳು ನೂಕುನುಗ್ಗಲಿನ ಬಸ್ಸನ್ನು ಬೇಗನೆ ಹತ್ತುವಳು. ಬೇಡವಾದ ಸ್ಥಳದಿಂದ ಬೇಗನೆ ದೂರ ಸರಿಯುವಳು. ಅಪರಿಚಿತನ ಸಹಾಯವನ್ನು ಯಾಚಿಸಬೇಕಾದ ಪ್ರಮೇಯವೂ ಅವಳಿಗೆ ಬಾರದು. ಆದುದರಿಂದ ಚಿಕ್ಕ ಚೀಲವು ಭಯಕ್ಕೂ ಅಲ್ಪಸ್ವಲ್ಪ ಮದ್ದೇ ಆಗಿದೆ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ಚೀಲವನ್ನು ನೀವೇ ಕಟ್ಟಿರಿ, ನೀವೇ ಹೊತ್ತುಕೊಳ್ಳಿರಿ. ಪೋಷಕರೇ, ಅವರು ಹೊರಬಲ್ಲಷ್ಟನ್ನೇ ಕೊಟ್ಟು, ಅವರನ್ನು ಹೋಗಗೊಡಿರಿ.