ಗಣಕ ವಿಚಾರ: ಮನೆಯ ಬರಹ, ಪರರ ಬೀಗದ ಕೈ

ಕಳೆದ ವೈಶಾಖದಲ್ಲಿ ನಮ್ಮ ಮನೆತನದ ಹುಡುಗಿಯೊಬ್ಬಳ ವಿವಾಹವು ನಿಶ್ಚಯವಾಗಿದ್ದಿತು. ಎಂಬತ್ತು ವರ್ಷಗಳನ್ನು ದಾಟಿದ ನಮ್ಮ ದೊಡ್ಡಮ್ಮನವರು ಒಂದು ದಿನ ನನ್ನನ್ನು ಕರೆಯಿಸಿ, "ನಿಮ್ಮ ದೊಡ್ಡಪ್ಪ ಹಸೆಯ ಹಾಡುಗಳನ್ನೆಲ್ಲ ಆ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದರಲ್ಲಪ್ಪ, ಅವನ್ನು ಕಾಗದದ ಮೇಲೆ ಇಳಿಸಿಕೊಡು. ನನಗೆ ಮೊದಲ ಸಾಲು ನೆನಪಾದರೆ ಕಡೆಯ ಸಾಲು ಮರೆತುಹೋಗುತ್ತದೆ" ಎಂದರು.

ದೊಡ್ಡಪ್ಪನವರು ಶಾಲೆಯ ಉಪಾಧ್ಯಾಯರಾಗಿದ್ದವರು. ನಿವೃತ್ತರಾದ ಬಳಿಕ, ೨೦೦೩ನೆಯ ಇಸವಿಯ ಸುಮಾರಿನಲ್ಲಿ, ಒಂದು ಕಂಪ್ಯೂಟರನ್ನು ಕೊಂಡು ತಂದು, ಎರಡೇ ಬೆರಳುಗಳಿಂದ ಒಂದೊಂದೇ ಕೀಲಿಯನ್ನು ಒತ್ತಿ ಕನ್ನಡ ಬರೆಯುವುದನ್ನು ಕಲಿತರು. ದೊಡ್ಡಮ್ಮನವರು ಅಡಿಗೆಯ ಮನೆಯ ಹೊಸ್ತಿಲಲ್ಲಿ ಕುಳಿತು ಹಾಡುವುದು, ಇವರು ಬರೆದುಕೊಳ್ಳುವುದು. ಹೀಗೆ ಎರಡು ಮಳೆಗಾಲಗಳು ಕಳೆದವು. ಅವರು ಈಗ ಇಲ್ಲ. ಅವರ ಕಡತವು ಮಾತ್ರ ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಸಾಗಿ ಬಂದು ನನ್ನ ಬಳಿ ಕ್ಷೇಮವಾಗಿದ್ದಿತು.

ಕ್ಷೇಮವಾಗಿದ್ದಿತೆಂದು ನಾನು ತಿಳಿದಿದ್ದೆನು. ತೆರೆದು ನೋಡಲಾಗಿ ಕನ್ನಡದ ಒಂದಕ್ಷರವಾದರೂ ಕಾಣಬರಲಿಲ್ಲ. ಇಂಗ್ಲಿಷು ಅಕ್ಷರಗಳೂ, ತಲೆಯ ಮೇಲೆ ಗೆರೆ ಚುಕ್ಕೆಗಳನ್ನು ಹೊತ್ತ ಐರೋಪ್ಯ ಅಕ್ಷರಗಳೂ ಅರ್ಥವಿಲ್ಲದೆ ಬೆರೆತು ಅರುವತ್ತು ಪುಟಗಳನ್ನು ತುಂಬಿದ್ದುವು. ಪಕ್ಕದಲ್ಲಿಯೇ ಕುಳಿತಿದ್ದ ದೊಡ್ಡಮ್ಮನವರು, "ಏನಪ್ಪಾ, ಹಾಳಾಗಿ ಹೋಯಿತೇ?" ಎಂದು ಕೇಳಿದಾಗ ನನಗೆ ಉತ್ತರವು ತೋರದೆ ಹೋಯಿತು.

ಈ ಅನುಭವವು ನಮ್ಮ ವಾಚಕರಲ್ಲಿ ಅನೇಕರಿಗೆ ಆಗಿರಬಹುದು. ಆಗದವರಿಗೆ ಮುಂದೆ ಆಗಬಹುದು. ಆದುದರಿಂದ ಇದರ ಕಾರಣವನ್ನೂ, ಪರಿಹಾರವನ್ನೂ, ಮತ್ತೆ ಹೀಗಾಗದಂತೆ ಗೃಹಸ್ಥರು ವಹಿಸತಕ್ಕ ಎಚ್ಚರಿಕೆಯನ್ನೂ ಈ ತಿಂಗಳು ಹೇಳಬೇಕೆಂದಿದ್ದೇನೆ.

ಮೊದಲು ಕಾರಣವನ್ನು ನೋಡೋಣ. ಹಿಂದಿನ ಅಚ್ಚುಕೂಟಗಳಲ್ಲಿ ಮೊಳೆಗಳನ್ನು ಇಡುವ ಖಾನೆಗಳ ಪೆಟ್ಟಿಗೆಯನ್ನು ಕೆಲವರಾದರೂ ನೋಡಿರಬಹುದು. ಕಂಪ್ಯೂಟರು ಅಕ್ಷರದ ಆಕೃತಿಯನ್ನು ಕಡತದಲ್ಲಿ ಬರೆದಿಡುವುದಿಲ್ಲ. ಇಂತಿಂಥ ಖಾನೆಯ ಮೊಳೆಯನ್ನು ತೆಗೆದುಕೊ ಎಂದು ಖಾನೆಯ ಅಂಕೆಯನ್ನು ಮಾತ್ರ ಬರೆದಿಡುತ್ತದೆ. ಮೊದಲಿನ ಕಾಲದಲ್ಲಿ ಆ ಪೆಟ್ಟಿಗೆಗೆ ಇದ್ದುವು ೨೫೬ ಖಾನೆಗಳು. ಅವು ಇಂಗ್ಲಿಷು ಮುಂತಾದ ಭಾಷೆಗಳಿಗಾಗಿ ಏರ್ಪಟ್ಟುವು. ಕನ್ನಡಕ್ಕೆ ಪ್ರತ್ಯೇಕ ಸ್ಥಳವಿಲ್ಲದುದರಿಂದ, ಆಗಿನ ತಂತ್ರಾಂಶಕಾರರು ಇಂಗ್ಲಿಷಿನ ಮೊಳೆಗಳಿದ್ದ ಖಾನೆಗಳಲ್ಲಿಯೇ ಕನ್ನಡದ ಅಕ್ಷರಗಳನ್ನೂ ಒತ್ತು ಕೊಂಬುಗಳ ತುಂಡುಗಳನ್ನೂ ಜೋಡಿಸಿ ಕಾರ್ಯವನ್ನು ಸಾಗಿಸಿದರು. ಅವರು ಹಾಗೆ ಮಾಡಿರದಿದ್ದರೆ ಕನ್ನಡವು ಕಂಪ್ಯೂಟರಿಗೆ ಬರಲು ಇನ್ನೂ ಹಲವು ವರ್ಷಗಳು ಹಿಡಿಯುತ್ತಿದ್ದುವು. ಆ ಉಪಕಾರವನ್ನು ನಾವು ಮರೆಯಲಾಗದು. ಆದರೆ ಒಬ್ಬೊಬ್ಬರ ಜೋಡಣೆಯು ಒಂದೊಂದು ವಿಧವಾಗಿದ್ದಿತು. ಬರೆದ ಕಾಲದ ಪೆಟ್ಟಿಗೆಯು ಯಂತ್ರದಲ್ಲಿದ್ದರೆ ಕನ್ನಡವು ಕಾಣುವುದು. ಅದು ಇಲ್ಲದಿದ್ದರೆ ಅದೇ ಖಾನೆಗಳಿಂದ ಇಂಗ್ಲಿಷು ಮೊಳೆಗಳು ಹೊರಬರುವುವು. ನನ್ನ ಹೊಸ ಯಂತ್ರದಲ್ಲಿ ಆದುದು ಇಷ್ಟೆ. ಹಾಡುಗಳು ಹಾಳಾಗಿರಲಿಲ್ಲ, ಅವಕ್ಕೆ ಹಾಕಿದ್ದ ಬೀಗದ ಕೈ ನಮ್ಮಲ್ಲಿರಲಿಲ್ಲ.

ಈ ಗೊಂದಲವನ್ನು ನಿವಾರಿಸಲು ಹುಟ್ಟಿದುದು ಯೂನಿಕೋಡ್ ಎಂಬ ಏರ್ಪಾಡು. ಇದರಲ್ಲಿ ಪ್ರಪಂಚದ ಲಿಪಿಗಳ ಒಂದೊಂದು ಅಕ್ಷರಕ್ಕೂ ಬೇರೆಯದಲ್ಲದ ತನ್ನದೇ ಅಂಕೆಯುಂಟು. ೧೯೯೧ರಲ್ಲಿ ಪ್ರಕಟವಾದ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಳವು ದೊರೆಯಿತು. ನಮ್ಮ "ಕ"ಕಾರದ ಅಂಕೆ ೩೨೨೧. ಬೆಂಗಳೂರಿನಲ್ಲಿ ಬರೆದರೂ ಬರ್ಲಿನ್ನಿನಲ್ಲಿ ತೆರೆದರೂ ಆ ಅಂಕೆಗೆ "ಕ" ಎಂಬುದಲ್ಲದೆ ಬೇರೆ ಅರ್ಥವಿಲ್ಲ. ಇಂದು ಕೈಫೋನುಗಳಲ್ಲಿ ನಾವು ಬರೆಯುವ ಕನ್ನಡವೆಲ್ಲವೂ ಸಾಮಾನ್ಯವಾಗಿ ಇದೇ. ಹಳೆಯ ಕಡತಗಳನ್ನು ಇದಕ್ಕೆ ಮಾರ್ಪಡಿಸಿಕೊಂಡರೆ ಆ ಬೀಗವು ತೆರೆದಂತೆಯೇ.

ಮಾರ್ಪಡಿಸುವ ಕ್ರಮವು ಕಠಿನವೇನೂ ಅಲ್ಲ. ಮೊದಲು ಮೂಲಕಡತದ ಒಂದು ಪ್ರತಿಯನ್ನು ಮಾಡಿಟ್ಟು, ಪ್ರತಿಯ ಮೇಲೆಯೇ ಕೆಲಸ ಮಾಡತಕ್ಕದ್ದು, ಮೂಲವನ್ನು ಮುಟ್ಟಲಾಗದು. ಅನಂತರ ಆ ಪ್ರತಿಯನ್ನು ಲಿಬ್ರೆ ಆಫೀಸ್ ಎಂಬ ತಂತ್ರಾಂಶದಲ್ಲಿ ತೆರೆಯಿರಿ. ಅಕ್ಷರಶೈಲಿಯು ನಿಮ್ಮ ಯಂತ್ರದಲ್ಲಿ ಇಲ್ಲದಿದ್ದರೂ ಅದರ ಹೆಸರು ಮೇಲಿನ ಪಟ್ಟಿಯಲ್ಲಿ ಓರೆಯಕ್ಷರಗಳಿಂದ ಕಾಣುವುದು. ಆ ಹೆಸರನ್ನು ಬರೆದುಕೊಳ್ಳಿರಿ. ಯಾವ ಜೋಡಣೆಯಲ್ಲಿ ಬರೆದುದೆಂಬುದಕ್ಕೆ ಅದೇ ಗುರುತು. ಬಳಿಕ ಅದಕ್ಕೆ ತಕ್ಕ ಪರಿವರ್ತಕವನ್ನು ಉಪಯೋಗಿಸಬೇಕು. ಕನ್ನಡ ಗಣಕ ಪರಿಷತ್ತಿನವರ "ನುಡಿ"ಗೂ, ೧೯೯೮ರಲ್ಲಿ ಮೊದಲು ಹೊರಬಂದ ಶೇಷಾದ್ರಿವಾಸು ಅವರ "ಬರಹ"ಕ್ಕೂ ಇಂತಹ ಪರಿವರ್ತಕಗಳುಂಟು. ಇವಲ್ಲದೆ ಕನ್ನಡದ ಉತ್ಸಾಹಿಗಳು ರಚಿಸಿ ಎಲ್ಲರಿಗೂ ಬಿಟ್ಟುಕೊಟ್ಟಿರುವ ಪರಿವರ್ತಕಗಳೂ ಇವೆ.

ಪರಿವರ್ತನೆಯಾದ ಮೇಲೆ ಕರಡು ತಿದ್ದುವವರಂತೆ ಸಾಲುಸಾಲಾಗಿ ಓದತಕ್ಕದ್ದು ಅವಶ್ಯ. ಅರ್ಕಾವೊತ್ತು ಸ್ಥಳ ತಪ್ಪಿ "ಹರ್ಷ"ವು "ಹಷರ್" ಎಂದಾಗುವುದು ಸಾಮಾನ್ಯವಾದ ದೋಷ. ನಡುವೆ ಇಂಗ್ಲಿಷಿನಲ್ಲಿ ಬರೆದ ಹೆಸರು ವಿಳಾಸಗಳಿದ್ದರೆ ಪರಿವರ್ತಕವು ಅವನ್ನೂ ಕನ್ನಡವೆಂದೇ ಭ್ರಮಿಸಿ ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡಿಬಿಡುವುದು. ಅವನ್ನು ಮೂಲವನ್ನು ನೋಡಿ ಮತ್ತೆ ಬರೆಯಬೇಕು. ತಿದ್ದಿ ಮುಗಿದ ಬಳಿಕ ಓಪನ್ ಡಾಕ್ಯುಮೆಂಟ್ ಎಂಬ ರೂಪದಲ್ಲಿ ಒಂದು ಪ್ರತಿಯನ್ನೂ, ಓದಲು ಹಾಗೂ ಅಚ್ಚು ತೆಗೆಯಲು ಪಿಡಿಎಫ್ ರೂಪದಲ್ಲಿ ಇನ್ನೊಂದನ್ನೂ ಇಟ್ಟುಕೊಳ್ಳಿರಿ. ಒಂದು ಪ್ರತಿಯು ಮನೆಯ ಹೊರಗೆ, ಮಗಳ ಮನೆಯಲ್ಲಿಯೋ ತಮ್ಮನ ಮನೆಯಲ್ಲಿಯೋ ಇರುವುದು ಮೇಲು.

ಲಿಬ್ರೆ ಆಫೀಸನ್ನೇ ಏಕೆ ಹೇಳಿದೆನೆಂದು ವಾಚಕರು ಕೇಳಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲವೆಂಬುದು ಒಂದು ಕಾರಣವೇ ಸರಿ. ಆದರೆ ಮುಖ್ಯವಾದ ಕಾರಣವು ಬೇರೆ. ಇಂಗ್ಲಿಷಿನಲ್ಲಿ ಧರ್ಮಾರ್ಥವಾಗಿ ದೊರೆಯುವುದಕ್ಕೂ ಸ್ವತಂತ್ರವಾಗಿರುವುದಕ್ಕೂ ಒಂದೇ ಮಾತು ಇರುವುದರಿಂದ ಅಲ್ಲಿ ಬಹಳ ಗೊಂದಲವುಂಟು. ನಮ್ಮ ಭಾಷೆಯಲ್ಲಿ ಇವೆರಡೂ ಬೇರೆಬೇರೆ ಮಾತುಗಳಾಗಿರುವುದು ನಮ್ಮ ಅನುಕೂಲ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು ೧೯೮೩ರಲ್ಲಿ ಆರಂಭಿಸಿದ ಚಳುವಳಿಯು ಎರಡನೆಯದಕ್ಕೆ ಸೇರಿದುದು. ತಂತ್ರಾಂಶವನ್ನು ಯಾವ ಕೆಲಸಕ್ಕಾದರೂ ಉಪಯೋಗಿಸುವುದು, ಅದರ ಮೂಲಬರಹವನ್ನು ಓದಿ ಬೇಕಾದಂತೆ ಮಾರ್ಪಡಿಸುವುದು, ಇತರರಿಗೆ ಪ್ರತಿಯನ್ನು ಕೊಡುವುದು, ಮಾರ್ಪಡಿಸಿದುದನ್ನೂ ಹಂಚುವುದು, ಈ ನಾಲ್ಕು ಸ್ವಾತಂತ್ರ್ಯಗಳು ಬಳಸುವವನಿಗೆ ಇರಬೇಕೆಂಬುದು ಅವರ ಮತ. ಮಾವಿನಕಾಯಿಯ ಉಪ್ಪಿನಕಾಯಿಯನ್ನು ಅಂಗಡಿಯಿಂದ ತರುವುದಕ್ಕೂ, ಅದನ್ನು ಹಾಕುವ ಕ್ರಮವನ್ನು ಅತ್ತೆಯಿಂದ ಸೊಸೆಯು ಕಲಿತುಕೊಳ್ಳುವುದಕ್ಕೂ ಇರುವ ಭೇದವು ಇಲ್ಲಿಯೂ ಉಂಟು. ಅಂಗಡಿಯು ಮುಚ್ಚಿದರೂ ಎರಡನೆಯ ಮನೆಯಲ್ಲಿ ಜಾಡಿಯು ಬರಿದಾಗದು.

ಇದು ಬರಿಯ ಮಾತಲ್ಲವೆಂಬುದಕ್ಕೆ ಲಿಬ್ರೆ ಆಫೀಸಿನ ಚರಿತ್ರೆಯೇ ಸಾಕ್ಷಿ. ಅದರ ಮೂಲವು ಜರ್ಮನಿಯ ಸ್ಟಾರ್ ಡಿವಿಜನ್ ಎಂಬ ಸಂಸ್ಥೆಯವರ ಸ್ಟಾರ್ ಆಫೀಸ್. ೧೯೯೯ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯವರು ಆ ಸಂಸ್ಥೆಯನ್ನು ಕೊಂಡು, ೨೦೦೦ದಲ್ಲಿ ತಂತ್ರಾಂಶದ ಮೂಲಬರಹವನ್ನು ಲೋಕಕ್ಕೆ ಬಿಟ್ಟುಕೊಟ್ಟರು. ೨೦೧೦ರಲ್ಲಿ ಸನ್ ಕಂಪನಿಯು ಒರೇಕಲ್ ಕಂಪನಿಯ ಕೈಸೇರಿತು. ಮುಂದೇನಾಗುವುದೋ ಎಂಬ ಶಂಕೆಯುಂಟಾದಾಗ, ಅದನ್ನು ಬೆಳೆಯಿಸುತ್ತಿದ್ದವರಲ್ಲಿ ಅನೇಕರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆಯನ್ನು ಕಟ್ಟಿ, ಬಹಿರಂಗವಾಗಿದ್ದ ಮೂಲಬರಹದಿಂದಲೇ ಲಿಬ್ರೆ ಆಫೀಸನ್ನು ಹೊರತಂದರು. ಯಜಮಾನರು ಮೂರು ಬಾರಿ ಬದಲಾದರೂ ಬಳಸುವವರ ಕಾಗದಪತ್ರಗಳು ಉಳಿದುವು. ಅದರ ಓಪನ್ ಡಾಕ್ಯುಮೆಂಟ್ ರೂಪವು ೨೦೦೬ರಲ್ಲಿ ಅಂತರರಾಷ್ಟ್ರೀಯ ಪ್ರಮಾಣವಾಗಿ ಅಂಗೀಕೃತವಾಯಿತು. ಅದರ ವಿವರಣೆಯು ಬಹಿರಂಗವಾಗಿರುವುದರಿಂದ ಯಾರು ಬೇಕಾದರೂ ಅದನ್ನು ಓದುವ ತಂತ್ರಾಂಶವನ್ನು ರಚಿಸಬಹುದು. ಜರ್ಮನಿಯ ಷ್ಲೆಸ್ವಿಗ್ ಹೋಲ್ಸ್ಟೈನ್ ಪ್ರಾಂತದ ಸರಕಾರವು ತನ್ನ ಸುಮಾರು ೩೦,೦೦೦ ಕಂಪ್ಯೂಟರುಗಳನ್ನು ಲಿಬ್ರೆ ಆಫೀಸಿಗೆ ಬದಲಾಯಿಸುವುದಾಗಿ ೨೦೨೪ರ ಏಪ್ರಿಲಿನಲ್ಲಿ ಪ್ರಕಟಿಸಿತು. ಪ್ರಜೆಗಳ ದಾಖಲೆಗಳ ಬೀಗದ ಕೈ ಸರಕಾರದ ಬಳಿಯಲ್ಲಿಯೇ ಇರಬೇಕೆಂಬುದು ಅದರ ಅಭಿಪ್ರಾಯ. ಒಂದು ಸರಕಾರಕ್ಕೆ ಸಲ್ಲುವ ಈ ವಿವೇಕವು ಒಂದು ಸಂಸಾರಕ್ಕೂ ಸಲ್ಲುವುದು.

ಗೃಹಕೃತ್ಯಕ್ಕೆ ಬೇಕಾದುದೆಲ್ಲವೂ ಇದರಲ್ಲುಂಟು. ಪತ್ರ, ಲೇಖನಗಳಿಗೆ ರೈಟರ್. ಮನೆಯ ಜಮಾಖರ್ಚಿಗೆ ಕ್ಯಾಲ್ಕ್. ಮಕ್ಕಳು ಶಾಲೆಯಲ್ಲಿ ವಿಷಯವನ್ನು ಚಿತ್ರಸಹಿತವಾಗಿ ತೋರಿಸಲು ಇಂಪ್ರೆಸ್. ಸ್ಥಾಪಿಸುವಾಗ ಕನ್ನಡವನ್ನು ಆರಿಸಿಕೊಂಡರೆ ಅದರ ಪಟ್ಟಿಗಳನ್ನು ಕನ್ನಡದಲ್ಲಿಯೂ ಓದಬಹುದು. ಆದರೆ ದೋಷವೇ ಇಲ್ಲವೆಂದು ನಾನು ಹೇಳಲಾರೆ. ಬೇರೆ ತಂತ್ರಾಂಶದಲ್ಲಿ ಬಹಳ ಅಲಂಕಾರವಾಗಿ ಜೋಡಿಸಿದ ಪುಟಗಳು ಇಲ್ಲಿ ಕೊಂಚ ಸ್ಥಾನಪಲ್ಲಟವಾಗಿ ಕಾಣುವುದುಂಟು. ಕಛೇರಿಯ ಕೆಲಸವನ್ನು ಮನೆಗೆ ತರುವವರು ಮೊದಲು ಪರೀಕ್ಷಿಸಿ ನೋಡುವುದು ಒಳ್ಳೆಯದು.

ಇದಕ್ಕೆ ಸಂಬಂಧಿಸಿದ ಇನ್ನೊಂದು ಸಮಾಚಾರ. ನಮ್ಮ ಮನೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಕಂಪನಿಯವರು ಕೊಡುತ್ತಿದ್ದ ಸಾಮಾನ್ಯ ಸಂರಕ್ಷಣೆಯು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಯಂತ್ರವೇನೋ ಓಡುತ್ತಲೇ ಇರುವುದು. ಆದರೆ ಹೊಸದಾಗಿ ಕಂಡುಬರುವ ಬಿರುಕುಗಳು ಆ ಸಾಮಾನ್ಯ ಸಂರಕ್ಷಣೆಯಿಂದ ಇನ್ನು ಮುಚ್ಚಲ್ಪಡವು. ಅಂತಹ ಯಂತ್ರದಿಂದ ಬ್ಯಾಂಕಿನ ವ್ಯವಹಾರವನ್ನು ಮಾಡುವುದು ಅಪಾಯಕರ. ಹಾಗೆಂದು ಅದನ್ನು ಗುಜರಿಗೆ ಹಾಕುವ ಮೊದಲು, ಲಿನಕ್ಸ್ ಮಿಂಟ್ ಎಂಬ ಸ್ವತಂತ್ರ ವ್ಯವಸ್ಥೆಯನ್ನು ಪರೀಕ್ಷಿಸಿ ನೋಡಿರಿ. ಅದನ್ನು ಪೆನ್ ಡ್ರೈವಿನಿಂದಲೇ ನಡೆಯಿಸಿ ನೋಡಬಹುದು. ಯಂತ್ರದೊಳಗಿನ ಯಾವುದನ್ನೂ ಅದು ಆಗ ಅಳಿಸುವುದಿಲ್ಲ. ೪ ಜಿಬಿ ಸ್ಮರಣಶಕ್ತಿಯಿರುವ ಹಳೆಯ ಯಂತ್ರದಲ್ಲಿಯೂ ಅದು ಸಮಾಧಾನಕರವಾಗಿ ನಡೆಯುವುದು. ಲಿಬ್ರೆ ಆಫೀಸು ಅದರೊಡನೆಯೇ ಬರುವುದು. ನಿಮ್ಮ ಪ್ರಿಂಟರು ಕೆಲಸ ಮಾಡುವುದೇ, ಕನ್ನಡವನ್ನು ಬರೆಯಲಾಗುವುದೇ ಎಂದು ನೋಡಿ, ಮನಸ್ಸಿಗೆ ಬಂದರೆ ಮಾತ್ರ ಒಳಗೆ ಸ್ಥಾಪಿಸಿಕೊಳ್ಳಬಹುದು. ಸ್ಥಾಪಿಸುವಾಗ ಹಳೆಯದು ಅಳಿದುಹೋಗುವ ಸಂಭವವಿರುವುದರಿಂದ ಕಡತಗಳನ್ನೆಲ್ಲ ಮೊದಲೇ ಬೇರೆಡೆಗೆ ಪ್ರತಿಮಾಡಿಡಬೇಕು.

ಒಂದು ಎಚ್ಚರಿಕೆ. ಧರ್ಮಾರ್ಥವೆಂದು ಕರೆದು ಕೊಡುವುದೆಲ್ಲವೂ ಸ್ವತಂತ್ರವಲ್ಲ. ಕೆಲವು ಗಾಳದ ತುದಿಯ ಎರೆಯೂ ಆಗಿರಬಹುದು. ತಂತ್ರಾಂಶವನ್ನು ಅದನ್ನು ರಚಿಸಿದ ಸಂಸ್ಥೆಯ ಸ್ವಂತ ತಾಣದಿಂದಲೇ ಪಡೆಯಿರಿ. ಫೋನು ಮಾಡಿ "ನಿಮ್ಮ ಕಂಪ್ಯೂಟರನ್ನು ಸರಿಪಡಿಸುತ್ತೇವೆ" ಎನ್ನುವ ಅಪರಿಚಿತರನ್ನು ಎಂದಿಗೂ ನಂಬಲಾಗದು. ಸ್ವತಂತ್ರ ತಂತ್ರಾಂಶದಿಂದ ನಿಮಗೆ ಪ್ರಯೋಜನವಾದರೆ, ರಚಿಸಿದವರಿಗೆ ಯಥಾಶಕ್ತಿ ಕಾಣಿಕೆಯನ್ನು ಕಳುಹಿಸುವುದು ಗೃಹಸ್ಥಧರ್ಮಕ್ಕೆ ಒಪ್ಪುವ ಮಾತು, ಬಲವಂತವಿಲ್ಲ.

ಇನ್ನು ನಮ್ಮ ಮನೆಯ ಹಾಡುಗಳ ಸಂಗತಿ. ಪರಿವರ್ತನೆಗೆ ಹಿಡಿದುದು ಒಂದು ಗಳಿಗೆ. ತಿದ್ದುವುದಕ್ಕೆ ಹಿಡಿದುವು ನಾಲ್ಕು ಸಂಜೆಗಳು. ನಾನು ಓದುವುದು, ದೊಡ್ಡಮ್ಮನವರು ಕಣ್ಣು ಮುಚ್ಚಿ ಕೇಳುವುದು. ತಪ್ಪು ಬಂದೊಡನೆ ಕೈಯೆತ್ತಿ, "ಅಲ್ಲ, ಅದು ಹಾಗಲ್ಲ" ಎಂದು ಆ ಸಾಲನ್ನು ಹಾಡಿ ತೋರಿಸುವರು. ಯಾವ ಪರಿವರ್ತಕಕ್ಕೂ ತಿಳಿಯದ ಪಾಠಗಳು ಅವರ ರಾಗದೊಳಗೆ ಇದ್ದುವು. ವಿವಾಹದ ದಿನ ಹೆಣ್ಣುಮಕ್ಕಳು ಅಚ್ಚಾದ ಹಾಳೆಗಳನ್ನು ಹಿಡಿದು ಹಸೆಯ ಸುತ್ತ ಕುಳಿತು ಹಾಡಿದರು. ದೊಡ್ಡಮ್ಮನವರ ಕೈಯಲ್ಲಿ ಹಾಳೆ ಇರಲಿಲ್ಲ, ಅವರಿಗೆ ಅದು ಬೇಕಾಗಲೂ ಇಲ್ಲ.

ಕಡತದ ಕೊನೆಯ ಪುಟದಲ್ಲಿ ಮಾತ್ರ ಒಂದು ಹಾಡಿನ ಹೆಸರಿದ್ದು, ಕೆಳಗೆ "ಉಳಿದುದನ್ನು ನಾಳೆ ಬರೆಯತಕ್ಕದ್ದು" ಎಂದು ದೊಡ್ಡಪ್ಪನವರು ಬರೆದಿದ್ದರು. ದೊಡ್ಡಮ್ಮನವರನ್ನು ಕೇಳಿದೆನು. ಅವರು ಬಹಳ ಹೊತ್ತು ಯೋಚಿಸಿ ತಲೆಯಲ್ಲಾಡಿಸಿದರು. ಹಾಕಿದ ಬೀಗವನ್ನು ತೆರೆಯಬಹುದು. ಪೆಟ್ಟಿಗೆಯಲ್ಲಿ ಇಡದೆ ಹೋದುದನ್ನು ಯಾವ ತಂತ್ರಾಂಶವೂ ತೆಗೆದುಕೊಡಲಾರದು. ನಿಮ್ಮ ಮನೆಗಳಲ್ಲಿ ಹಾಡುವ ಹಿರಿಯರಿದ್ದರೆ, ಈ ಪತ್ರಿಕೆಯನ್ನು ಮಡಿಸಿಟ್ಟು ಇಂದೇ ಅವರ ಬಳಿಗೆ ಹೋಗಿ ಕುಳಿತುಕೊಳ್ಳಿರಿ. ಬರೆದುಕೊಂಡುದನ್ನು ಮೊಮ್ಮಕ್ಕಳು ತೆರೆದು ಓದಬಲ್ಲ ರೂಪದಲ್ಲಿ ಇಡಿರಿ.